ಬೋರೆ ಹಾದಿಯ ಮೇಲೆ ರಾಗಿ

ಮಂಡ್ಯದ ಸಭೆಯಲ್ಲಿ ನಮ್ಮ ತಾಲ್ಲೂಕಿನ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿ, ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು. ಜನ ಓಡಾಡಲು, ಗುಡ್ಡ ಹತ್ತಲು, ಸುಮ್ಮನೆ ಖುಷಿಗೆ ನಡೆಯಲು ಹಾದಿ ಮಾಡಿಕೊಡುವುದಕ್ಕೆಂದೇ ಸರ್ಕಾರದ ಅನುದಾನ ಬಂದಿತ್ತು. ಹಾದಿ ಮಾಡುವುದಕ್ಕೆ ಒಂದು ಪಾಲು, ಮಾಡಿದ್ದನ್ನು ಕಾಪಾಡಿಕೊಳ್ಳುವುದಕ್ಕೆ ಇನ್ನೊಂದು ಪಾಲು. ಚರಂಡಿ, ಕಾಂಕ್ರೀಟ್ ರಸ್ತೆ, ಶಾಲೆಯ ಕಾಂಪೌಂಡು ಬಿಟ್ಟು ಬೇರೇನನ್ನೂ ಕಟ್ಟದ ನನ್ನಂಥ ಕಿರಿಯ ಎಂಜಿನಿಯರಿಗೆ ಅದರ ಸುತ್ತೋಲೆ ಓದಿದ ದಿನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಶ್ರೀರಂಗಪಟ್ಟಣದವರು ತಮ್ಮ ಹಾದಿಗೆಂದು ಹೊಳೆ ತೋರಿಸಿದರು, ಕೋಟೆ ತೋರಿಸಿದರು. ಪಾಂಡವಪುರದವರ ಹತ್ತಿರ ಒಳ್ಳೆಯ ಬೆಟ್ಟವೇ ಇತ್ತು. ನಾಗಮಂಗಲದವರು ನವಿಲು ಕುಣಿಯುವ ವಿಡಿಯೊ ತಂದಿದ್ದರು. ಕೃಷ್ಣರಾಜಪೇಟೆಯಿಂದ ಹೋಗಿದ್ದ ನಾನು ತೋರಿಸಿದ್ದು ಒಂದು ಬೋರೆಯನ್ನು. ನಮ್ಮ ಕಡೆ ಬೋರೆ ಅಂದರೆ ಬೆಟ್ಟ ಅನ್ನಿಸಿಕೊಳ್ಳದಷ್ಟು ಚಿಕ್ಕದಾದ, ಕಲ್ಲು ಮುಳ್ಳು ತುಂಬಿದ ಗುಡ್ಡ. ಫೋಟೊದಲ್ಲಿ ಅದು ಇನ್ನೂ ಕುಳ್ಳಗೆ ಕಾಣುತ್ತಿತ್ತು.

"ಇದನ್ನ ನೋಡೋಕೆ ಯಾರ್ರೀ ಬರ್ತಾರೆ?" ಎಂದು ಸಭೆ ನಡೆಸುತ್ತಿದ್ದ ಹಿರಿಯ ಅಧಿಕಾರಿ ಕೇಳಿದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಯಾರೂ ಬರೋದು ಬೇಡ ಸಾರ್. ಅಲ್ಲಿರೋರೇ ನಡೀತಾರೆ. ಅವರಿಗೂ ಕಾಲಿದೆ," ಎಂದುಬಿಟ್ಟೆ.

ನಗು ಎದ್ದಿತು. ಎದ್ದ ನಗುವಿನಲ್ಲೇ ಉಳಿದದ್ದನ್ನೂ ಹೇಳಿ ಮುಗಿಸಿದೆ. ಬೋರೆಯ ಪಕ್ಕದ ಊರು ಇರುವುದು ಬೂಕನಕೆರೆ ಕಡೆಗೆ ಹೋಗುವ ರಸ್ತೆಯ ಮೇಲೆ. ಮನೆಗೊಬ್ಬರಿಗೆ ಶುಗರ್ರು, ಡಾಕ್ಟರು ನಡೀರಿ ಅಂತಾರೆ, ನಡೆಯುವುದಕ್ಕೆ ಇರುವುದು ಅದೊಂದೇ ಟಾರು ರಸ್ತೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಅದರ ಮೇಲೆ ಟ್ರಾಕ್ಟರುಗಳು ಹಿಂದೆ ಎರಡೆರಡು ಟ್ರೈಲರು ಕಟ್ಟಿಕೊಂಡು ತೂರಾಡುತ್ತಾ ಬರುತ್ತವೆ. ಊರ ಹಿಂದೆ ಕೆರೆ ಏರಿ ಇದೆ, ಏರಿ ದಾಟಿದರೆ ಗೋಮಾಳ, ಗೋಮಾಳದ ತುದಿಯಲ್ಲಿ ಬೋರೆ. ಒಂದಂಗುಲ ಖಾಸಗಿ ಜಮೀನು ಅಡ್ಡ ಬರುವುದಿಲ್ಲ. ಬೋರೆಯ ನೆತ್ತಿಗೆ ಹೋಗಿ ನಿಂತರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿರುತ್ತದೆ. ಆ ಊರಿನ ಬಹಳ ಹೆಂಗಸರು ಅದನ್ನು ಮೇಲಿಂದ ಒಮ್ಮೆಯೂ ನೋಡಿಲ್ಲ. ಮುಳ್ಳು ಅಷ್ಟಿದೆ.

ಅಧಿಕಾರಿ ನಗಲಿಲ್ಲ. ಕೆಲಸವನ್ನು ಎರಡು ಹಂತ ಮಾಡಿದರು. ಮೊದಲ ಹಂತ ಊರಿನಿಂದ ಬೋರೆಯ ಬುಡದವರೆಗೆ. ಬುಡದಿಂದ ನೆತ್ತಿಗೆ ಎರಡನೇ ಹಂತ. ಅದು ಸಿಗುವುದು ತಪಾಸಣೆ ಆದ ಮೇಲೆ. ಹಾದಿ ತೆರೆದಿರಬೇಕು, ಅಡಚಣೆ ಇರಬಾರದು, ಯಾರೂ ಸ್ವಂತಕ್ಕೆ ಬಳಸಿಕೊಂಡಿರಬಾರದು. ಅನುದಾನ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ನಂಬುವಂಥ ಉತ್ತರ ಇರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಎರಡನೇ ಹಂತ ರದ್ದು. ಅಂದರೆ ನಮ್ಮ ಹಾದಿ ಬೋರೆಯ ಬುಡಕ್ಕೆ ಹೋಗಿ, ನೆತ್ತಿ ನೋಡುತ್ತಾ ನಿಂತುಬಿಡುತ್ತದೆ. ಎಲ್ಲಿಗೂ ಹೋಗದ ಹಾದಿ ಕಟ್ಟಿದವಳು ಎಂದು ಜನ ನನ್ನನ್ನು ರಿಟೈರ್ ಆಗುವವರೆಗೂ ಆಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಇದೆಲ್ಲ ತಲೆಯಲ್ಲಿದ್ದರೂ ಮುಖದ ಮೇಲಿನ ನಗು ಮಾತ್ರ ಇಳಿಯಲಿಲ್ಲ.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ನನ್ನ ಜೊತೆ ಇದ್ದವರು ಇಬ್ಬರು. ಒಬ್ಬರು ಪಂಚಾಯ್ತಿ ಅಧ್ಯಕ್ಷೆ. ಮನೆಯ ಮುಂದೆ ಚಿಲ್ಲರೆ ಅಂಗಡಿ ನಡೆಸುವ ಗಟ್ಟಿ ಗಂಟಲಿನ ಹೆಂಗಸು. ಇನ್ನೊಬ್ಬ ಮೇಸ್ತ್ರಿ, ಸ್ವಂತ ಟ್ರಾಕ್ಟರು ಇಟ್ಟುಕೊಂಡವನು, ಕೆಲಸಗಾರ, ಆದರೆ ಬಾಯಿ ಬಿಟ್ಟರೆ ತನ್ನದೇ ಪ್ರತಾಪ.

ಅನುದಾನದ ಶರತ್ತಿನಲ್ಲಿ ಸಿಮೆಂಟಿಗೆ ಜಾಗವಿರಲಿಲ್ಲ. ನೆಲ ಕೆತ್ತಿ, ಗರಸು ಅಂದರೆ ಒರಟು ಕಲ್ಲುಮಣ್ಣು ಹಾಸಿ, ನೀರು ಹೊಡೆದು, ರೋಲರಿನಲ್ಲಿ ಒತ್ತಬೇಕು. ಮಳೆ ನೀರು ಹಾದಿಯುದ್ದ ಹರಿಯದಂತೆ ಅಲ್ಲಲ್ಲಿ ಓರೆಯಾಗಿ ಕಲ್ಲುಸಾಲು ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ದಣಿದವರು ಕೂರಲು ನಡುನಡುವೆ ಹಾದಿಯ ಪಕ್ಕವನ್ನು ಅಗಲಿಸಿ ತಂಗುವ ಜಾಗ ಮಾಡಬೇಕು. ಈ ಕೊನೆಯದರಲ್ಲಿ ನಾನು ಸ್ವಲ್ಪ ಧಾರಾಳಿಯಾದೆ. ಗೋಮಾಳದಲ್ಲಿ ಜಾಗಕ್ಕೇನು ಬರವೇ? ಒಂದೊಂದು ತಂಗುದಾಣವನ್ನೂ ಮದುವೆ ಚಪ್ಪರ ಹಾಕುವಷ್ಟು ಅಗಲ ಮಾಡಿಸಿದೆ.

ಮೊದಲ ಪೆಟ್ಟು ಬಿದ್ದದ್ದು ರೋಲರಿನಿಂದ. ಹಾದಿ ಹಾಯುವ ಏರಿಯ ಅಡಿಯಲ್ಲಿರುವ ಕೆರೆಯ ತೂಬು ಹಳೆಯ ಕಲ್ಲಿನದು, ರೋಲರಿನ ಭಾರ ಅದರ ಮೇಲೆ ಹೋದರೆ ತೂಬೂ ಕುಸಿಯುತ್ತದೆ, ಏರಿಯೂ ಕುಸಿಯುತ್ತದೆ. ಕೈಯಲ್ಲಿ ದಮ್ಮಸ್ಸು ಮಾಡಿಸೋಣವೆಂದು ನೋಡಿದೆ. ಗರಸು ಮೇಲೆ ಕೂತಿತೇ ಹೊರತು ಗಟ್ಟಿಯಾಗಲಿಲ್ಲ. ಬೆರಳಿನಿಂದ ಕೆದಕಿದರೆ ಏಳುತ್ತಿತ್ತು. ತಲೆ ಕೆಟ್ಟು ಅಧ್ಯಕ್ಷೆಯ ಅಂಗಡಿಯ ಮುಂದೆ ಕೂತೆ. ಕೂತದ್ದು ಎಂಥದರ ಮೇಲೆ ಎಂದು ಆಮೇಲೆ ನೋಡಿಕೊಂಡೆ. ದುಂಡನೆಯ, ಉದ್ದನೆಯ ಕಲ್ಲು. ಹಿಂದೆ ಸುಗ್ಗಿಯಲ್ಲಿ ಎತ್ತು ಕಟ್ಟಿ ರಾಗಿಯ ಮೇಲೆ ಉರುಳಿಸುತ್ತಿದ್ದ ರೋಣಗಲ್ಲು. ಟಾರು ರಸ್ತೆ ಬಂದು, ಜನ ರಾಗಿಯನ್ನು ಅದರ ಮೇಲೇ ಹರಡಿ ಓಡಾಡುವ ಗಾಡಿಗಳಿಂದ ತುಳಿಸಲು ಶುರುಮಾಡಿದ ಮೇಲೆ ಊರಿನ ರೋಣಗಲ್ಲುಗಳಿಗೆಲ್ಲ ಇಂಥದೇ ಗತಿ.

"ಇದನ್ನ ಎಳೆಯೋ ಎತ್ತು ಊರಲ್ಲಿ ಯಾರ ಹತ್ರ ಇದೆ?" ಎಂದು ಕೇಳಿದೆ.

"ಎತ್ತಿಗೇನವ್ವ, ಅವೆ. ಎಳ್ಯಾದು ಮರ್ತೋಗಿದ್ರೆ ನಿಮ್ ಮೇಸ್ತ್ರೀನ ಕಟ್ಟಾನೆ ಬುಡಿ," ಎಂದರು ಅಧ್ಯಕ್ಷೆ.

ಎತ್ತುಗಳು ಮರೆತಿರಲಿಲ್ಲ. ಕಲ್ಲು ಕಿರುಗುಟ್ಟುತ್ತಾ ಏರಿಯ ಮೇಲೆ ಹೊರಟಿತು, ಊರೇ ನೋಡಲು ಬಂತು. ಮುದುಕರು ಎಲ್ಲಿ ನೀರು ಚಿಮುಕಿಸಬೇಕು, ಎಲ್ಲಿ ಕಲ್ಲು ಹಿಂದೆ ಬರಬೇಕು ಎಂದು ಜಗಳವಾಡುತ್ತಾ ಜೊತೆಗೆ ನಡೆದರು. ಸಂಜೆಯ ಹೊತ್ತಿಗೆ ಹೆಂಗಸರು ಯಾರೂ ಹೇಳದೆ ಬಕೆಟ್ಟಿನಲ್ಲಿ ಸಗಣಿ ಬಗ್ಗಡ ತಂದು, ಒತ್ತಿದ ಗರಸಿನ ಮೇಲೆ ಎರಚಿ ಪೊರಕೆಯಲ್ಲಿ ಎಳೆದರು. ನನ್ನ ಅಂದಾಜು ಪಟ್ಟಿಯಲ್ಲಿ ಸಗಣಿ ಇರಲಿಲ್ಲ. ಆದರೆ ಬೆಳಿಗ್ಗೆ ಬಂದು ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡಿದರೆ ನೆಲ ಠಣ್ ಎಂದಿತು. ನಾನು ಅಲ್ಲೇ ಏರಿಯ ಮೇಲೆ ಒಂದು ಸಣ್ಣ ಕುಣಿತ ಹಾಕಿದೆ. ಮೇಸ್ತ್ರಿ ನೋಡಿಬಿಟ್ಟ. ಕೆಲಸ ಮುಗಿಯುವವರೆಗೂ ಅದನ್ನೇ ಹೇಳಿಕೊಂಡು ನಕ್ಕ.

ಹೀಗೆ ಬೋರೆಯ ಬುಡದವರೆಗೆ ಹಾದಿ ಮುಗಿಯಿತು. ಶುಗರಿನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಗುಂಪುಗುಂಪಾಗಿ ನಡೆಯತೊಡಗಿದರು. ಮಳೆಗಾಲ ಬಂತು, ಹೋಯಿತು. ಒಂದೆರಡು ಕಡೆ ನೀರು ಕೊರೆದು ಮೊಣಕಾಲುದ್ದದ ಕೊರಕಲು ಬಿದ್ದವು. ಅವುಗಳ ಫೋಟೊ ತೆಗೆದು, ರಿಪೇರಿಗೆ ಬರೆದೆ. ಅಷ್ಟರಲ್ಲಿ ತಪಾಸಣೆಯ ದಿನ ಗೊತ್ತಾಯಿತು, ಸಂಕ್ರಾಂತಿಗೆ ಸ್ವಲ್ಪ ಮುಂಚೆ. ರೈತರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ದಿನಗಳಲ್ಲಿ ಊರಿನಲ್ಲಿ ಏನು ನಡೆಯುತ್ತಿರುತ್ತದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ ನೋಡಿ.

ತಪಾಸಣೆಯ ಹಿಂದಿನ ದಿನ ಬೆಳಿಗ್ಗೆ ಹೋದವಳು ಏರಿ ಹತ್ತಿ ಹಾಗೇ ನಿಂತೆ. ಹಾದಿ ಕಾಣಿಸಲಿಲ್ಲ. ಈ ತುದಿಯಿಂದ ಆ ತುದಿಗೆ ರಾಗಿ ಹುಲ್ಲು, ತೆನೆಯ ಸಮೇತ. ತಂಗುವ ಜಾಗಗಳಲ್ಲಿ ಆಳೆತ್ತರದ ಮೆದೆ. ಒಂದು ಕಡೆ ಹುರುಳಿ, ಇನ್ನೊಂದು ಕಡೆ ಒಕ್ಕಿದ ರಾಗಿಯ ರಾಶಿ, ಅದಕ್ಕೆ ಪೂಜೆ ಮಾಡಿ ಸಿಕ್ಕಿಸಿದ ಹೂವು. ಇದೆಲ್ಲದರ ಮೇಲೆ ಟ್ರಾಕ್ಟರು ಹಿಂದೆ ಮುಂದೆ ಓಡುತ್ತಿತ್ತು. ಓಡಿಸುತ್ತಿದ್ದವನು ನಮ್ಮ ಮೇಸ್ತ್ರಿ. ಅವನು ಕಟ್ಟಿದ ಹಾದಿ, ಅವನದೇ ಚಕ್ರ.

"ಇಳಿಯೋ ಕೆಳಗೆ," ಎಂದು ಕೂಗಿದ್ದು ಆಚೆ ದಡಕ್ಕೂ ಕೇಳಿಸಿರಬೇಕು.

ಅವನು ಇಳಿದು ಬಂದು, "ಅಲ್ಲ ಮೇಡಂ, ರೋಣಗಲ್ಲು ಓಡ್ಸಿ, ಸಗಣಿ ಸಾರ್ಸಿ ಕಣ ಮಾಡ್ಕೊಟ್ಟೋರು ನೀವು. ಈಗ ಒಕ್ಬ್ಯಾಡಿ ಅಂದ್ರೆ ಎಂಗೆ?" ಎಂದ.

ಹೌದಲ್ಲ. ಊರಿನವರ ಕಣ್ಣಿಗೆ ನಾನು ಮಾಡಿದ್ದು ಹಾದಿಯಲ್ಲ, ತಲೆಮಾರಿಗೊಮ್ಮೆಯೂ ಸಿಗದಂಥ ಕಣ. ಅದೂ ತಂಗುದಾಣಗಳ ಸಮೇತ. ಆ ಕ್ಷಣದಲ್ಲಿ ನಗು ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ಅಳು. ನಾಳೆ ಬರುವ ಅಧಿಕಾರಿಯ ಕೈಯಲ್ಲಿರುವ ಹಾಳೆಯಲ್ಲಿ ಅಡಚಣೆ ಎಂಬ ಮಾತಿದೆ, ಸ್ವಂತಕ್ಕೆ ಬಳಕೆ ಎಂಬ ಮಾತಿದೆ. ಎರಡೂ ನನ್ನ ಕಣ್ಣ ಮುಂದೆ ತೆನೆ ತೆನೆಯಾಗಿ ಒಣಗುತ್ತಿದ್ದವು.

ಸುದ್ದಿ ತಿಳಿದು ಅಧ್ಯಕ್ಷೆ ಬಂದರು. "ಸಂಜೆ ಒಳ್ಗೆ ಎಲ್ಲಾನೂ ಎತ್ತುಸ್ಬುಡ್ತೀನಿ. ಒಂದ್ ಕಡ್ಡಿ ಇಲ್ದಂಗೆ ಮಾಡುಸ್ತೀನಿ, ನೀವು ಗಾಬ್ರಿ ಆಗ್ಬ್ಯಾಡಿ," ಎಂದರು.

"ಎತ್ಸಿ ಎಲ್ಲಿಗೆ ಹಾಕ್ತೀರಾ?"

"ಇನ್ನೆಲ್ಲಿಗೆ? ಟಾರ್ ರೋಡ್ಗೆ."

ಹುಲ್ಲು ತಿರುವಿ ಹಾಕುತ್ತಿದ್ದ ಒಬ್ಬಾಕೆ ಕವೆಗೋಲನ್ನು ಕೆಳಗಿಟ್ಟಳು. ಮೂರು ಹೊತ್ತೂ ಈ ಹಾದಿಯ ಮೇಲೇ ಇರುತ್ತಿದ್ದವಳು, ರೋಣಗಲ್ಲು ಎಳೆದದ್ದು ಅವಳ ಎತ್ತುಗಳೇ. "ರೋಡ್ಗೆ ನಾನಂತೂ ಆಕಕಿಲ್ಲ ಕಣವ್ವ. ಓದೊರ್ಸ ನನ್ ಗಂಡ ರೋಡಲ್ಲಿ ಹುಲ್ಲು ತಿರುವ್ತಿದ್ದಾಗ್ಲೇ ಕಬ್ಬಿನ ಟ್ರಾಕ್ಟ್ರು ಬಂದ್ ಗುದ್ಬುಡ್ತು. ಕಾಲ್ಗೆ ರಾಡ್ ಆಕವ್ರೆ. ಇವತ್ತೂ ಕೋಲ್ ಇಡ್ಕಂಡೇ ನಡ್ಯಾದು. ರಾಗಿ ಮನೇಲೇ ಕೊಳೀಲಿ, ರೋಡ್ಗೆ ಮಾತ್ರ ಆಕಕಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು. ಜನರನ್ನು ಟಾರು ರಸ್ತೆಯಿಂದ ಇಳಿಸಬೇಕೆಂದೇ ಮಂಡ್ಯದಲ್ಲಿ ಬಾಯಿ ಮಾಡಿ ಅನುದಾನ ತಂದವಳು ನಾನು. ಈಗ ಅದೇ ಅನುದಾನ ಉಳಿಸಿಕೊಳ್ಳಲು ಅವರನ್ನು ಅದೇ ರಸ್ತೆಗೆ ಅಟ್ಟಬೇಕು.

ಹುಲ್ಲಿನ ಪಕ್ಕದಲ್ಲೇ ನಡೆಯುತ್ತಾ ಹೋದೆ. ಕೊರಕಲು ಬಿದ್ದಿದ್ದ ಜಾಗಗಳನ್ನಾದರೂ ನೋಡೋಣ, ಅವನ್ನು ಮುಚ್ಚಿಸುವ ಕೆಲಸ ಹೇಗೂ ಬಾಕಿ ಇದೆ ಎಂದುಕೊಂಡೆ. ಮೊದಲನೆಯ ಜಾಗಕ್ಕೆ ಹೋದೆ, ಕೊರಕಲಿಲ್ಲ. ದಾಟಿ ಬಂದೆನೇನೋ ಎಂದು ಹಿಂದಕ್ಕೆ ಬಂದೆ. ಫೋನು ತೆಗೆದು ಹಳೆಯ ಫೋಟೊ ನೋಡಿದೆ. ಪಕ್ಕದ ಹುಣಸೆ ಮರ ಅದೇ, ಬಂಡೆ ಅದೇ. ಹುಲ್ಲು ಸರಿಸಿ ನೋಡಿದರೆ ಅಲ್ಲಿ ಗರಸು ತುಂಬಿ, ನೀರು ಹೊಡೆದು, ಒತ್ತಿ, ಸಾರಿಸಿದ್ದಾರೆ. ಎರಡನೆಯದೂ ಹಾಗೇ. ಹಾದಿಯ ಅಂಚಿನ ಜಾಲಿ ಗಿಡಗಳನ್ನು ಬುಡಕ್ಕೆ ಕಡಿದಿದ್ದಾರೆ. ಪಾರ್ಥೇನಿಯಂ ಕಿತ್ತು ಗುಡ್ಡೆ ಹಾಕಿದ್ದಾರೆ. ನೀರು ತಿರುಗಿಸುವ ಕಲ್ಲುಸಾಲಿನಲ್ಲಿ ತುಂಬಿದ್ದ ಮಣ್ಣನ್ನೂ ಬಗೆದು ತೆಗೆದಿದ್ದಾರೆ.

ಓಡುತ್ತಾ ವಾಪಸು ಬಂದು, "ಇದನ್ನೆಲ್ಲ ಯಾರು ಮಾಡಿದ್ದು?" ಎಂದು ಕವೆಗೋಲಿನ ಹೆಂಗಸನ್ನು ಕೇಳಿದೆ.

"ಇನ್ಯಾರ್ ಮಾಡಾರು? ಕಣ ಕಟ್ದೆ ರಾಗಿ ಹಾಕಕಾದಾತಾ? ಕಲ್ಲು ಬೆರೀಕಿಲ್ವಾ?" ಎಂದಳು. ನಾನು ಕೇಳಿದ ಪ್ರಶ್ನೆಯೇ ಪೆದ್ದುಪೆದ್ದಾಗಿ ಕಂಡಿರಬೇಕು.

ಆಗ ನನಗೆ ಹೊಳೆಯಿತು. ಅನುದಾನ ಮುಗಿದ ಮೇಲೆ ಹಾದಿ ನೋಡಿಕೊಳ್ಳುವವರು ಯಾರು ಎಂಬ ಕಾಲಂನಲ್ಲಿ ನಾನು ಬರೆದಿದ್ದು, ಊರಿನ ಸಂಘದವರು ವಾರಕ್ಕೊಮ್ಮೆ ಗುಡಿಸುತ್ತಾರೆ ಎಂದು. ಬರೆಯುವಾಗಲೇ ಅದನ್ನು ನಾನು ನಂಬಿರಲಿಲ್ಲ. ಎಷ್ಟು ಪಾರ್ಕು ನೋಡಿಲ್ಲ, ಎಷ್ಟು ಗುಡಿಸುವುದು ನೋಡಿಲ್ಲ. ಆದರೆ ಕಣ ಕಟ್ಟುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ರಾಗಿ ಬೆಳೆಯುವವರೆಗೂ ಅವರು ಪ್ರತಿ ಸುಗ್ಗಿಯಲ್ಲೂ ನೆಲ ಕೆತ್ತುತ್ತಾರೆ, ತುಂಬುತ್ತಾರೆ, ಒತ್ತುತ್ತಾರೆ, ಸಾರಿಸುತ್ತಾರೆ. ನನಗೆ ಬೇಕಾದ ಉತ್ತರ ಇಡೀ ಹಾದಿಯುದ್ದ ಬಿದ್ದಿತ್ತು, ನಾನು ಅದನ್ನು ಎತ್ತಿಸಲು ಹೊರಟಿದ್ದೆ.

"ಎತ್ತಿಸ್ಬೇಡಿ. ಸರಿಸೋಣ," ಎಂದು ಅಧ್ಯಕ್ಷೆಗೆ ಹೇಳಿದೆ.

ಹುಣಸೆ ಮರದ ಕೆಳಗೆ ಎಲ್ಲರೂ ಸೇರಿದರು. ನಾನು ಮೂರು ಮಾತು ಮುಂದಿಟ್ಟೆ. ಒಂದು, ರಾಗಿ ಹಾಕುವುದು ತಂಗುವ ಜಾಗಗಳಲ್ಲಿ ಮಾತ್ರ, ಸರದಿಯ ಪ್ರಕಾರ. ನಡೆಯುವ ಹಾದಿ ಪೂರ್ತಿ ಖಾಲಿ. ಎರಡು, ಬಳಸಿದವರೆಲ್ಲ ಸೇರಿ ಸುಗ್ಗಿಗೆ ಮುಂಚೆ ತಮ್ಮ ಕಣವನ್ನಷ್ಟೇ ಅಲ್ಲ, ಇಡೀ ಹಾದಿಯನ್ನು ಕಟ್ಟಿಕೊಡಬೇಕು. ಮೂರು, ಟ್ರಾಕ್ಟರು ಏರಿ ಹತ್ತುವಂತಿಲ್ಲ, ಅದು ತಿರುಗಿದ ಕಡೆಯೆಲ್ಲ ಅಂಚು ಒಡೆದಿತ್ತು. ಒಕ್ಕಣೆ ಏನಿದ್ದರೂ ರೋಣಗಲ್ಲಿನಲ್ಲಿ.

ಮೊದಲೆರಡಕ್ಕೆ ತಲೆಗಳು ಅಲ್ಲಾಡಿದವು. ಮೂರನೆಯದಕ್ಕೆ ಮೇಸ್ತ್ರಿ ಎದ್ದು ನಿಂತ. "ರೋಣಗಲ್ಲಲ್ಲಿ ಒಕ್ಕಂಡು ಕೂತ್ರೆ ಯುಗಾದಿ ಬತ್ತದೆ. ಆಗಾದಲ್ಲ ಓಗಾದಲ್ಲ."

ಅಧ್ಯಕ್ಷೆ ತಿರುಗಿದರು. "ಲೇ, ಅಂಚು ಒಡ್ದಿರೋದು ನಿನ್ ಚಕ್ರ ಕಣ್ಲಾ. ನಾಳೆ ಆ ಸಾಹೇಬ್ರು ಕೇಳುದ್ರೆ ಏನಂತೀಯೆ? ನಾನೇ ಕಟ್ದೆ, ನಾನೇ ಕೆಡವ್ದೆ ಅಂತೀಯಾ?"

ಜನ ನಕ್ಕರು. ಮೇಸ್ತ್ರಿ ಗೊಣಗುತ್ತಾ ಟ್ರಾಕ್ಟರು ಇಳಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಯಾರನ್ನೂ ನೋಡದೆ, ಒಡೆದ ಅಂಚಿಗೆ ಗರಸು ತುಂಬತೊಡಗಿದ. ಕತ್ತಲಾಗುವ ಮುಂಚೆ ಹಾದಿ ಮತ್ತೆ ಹಾದಿಯಾಯಿತು, ಪಕ್ಕದಲ್ಲಿ ಮೆದೆಗಳು ಮೆದೆಗಳಾಗೇ ಉಳಿದವು. ಮನೆಗೆ ಹೋಗಿ ನಿರ್ವಹಣೆಯ ಪುಟವನ್ನು ಹೊಸದಾಗಿ ಬರೆದೆ.

ಮಾರನೆಯ ದಿನ ತಪಾಸಣೆಗೆ ಬಂದ ಅಧಿಕಾರಿ ಮಾತು ಕಡಿಮೆಯ ಮನುಷ್ಯ, ಟೇಪು ಮಾತ್ರ ಕೈ ಬಿಡುತ್ತಿರಲಿಲ್ಲ. ಮೊದಲ ತಂಗುದಾಣದಲ್ಲಿ ಎತ್ತುಗಳು ರೋಣಗಲ್ಲು ಎಳೆಯುತ್ತಾ ಸುತ್ತುವುದನ್ನು ಕಂಡು ನಿಂತರು. "ಇದೇನ್ರೀ ಇದು?"

"ನಿರ್ವಹಣೆ ಸಾರ್," ಎಂದೆ.

ಹೊಸ ಪುಟ ಕೊಟ್ಟೆ, ಕೊರಕಲಿನ ಹಳೆಯ ಫೋಟೊ ತೋರಿಸಿ ಅದೇ ಜಾಗದಲ್ಲಿ ನಿಲ್ಲಿಸಿದೆ. ಅವರು ಹಿಮ್ಮಡಿಯಿಂದ ಒದ್ದು ನೋಡಿದರು. ಬಾಟಲಿಯ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ನೋಡಿದರು. ಹಾದಿಯ ಅಗಲವನ್ನು ಎಲ್ಲ ತಂಗುದಾಣದ ಎದುರೂ ಅಳೆದರು. ಹೊಟ್ಟಿನ ದೂಳಿಗೆ ಸೀನಿದರು. ಕೊನೆಗೆ, "ಹಾದಿ ತೆರೆದಿದೆ, ಅದು ಬರೀತೀನಿ. ಈ ಕಣದ ವಿಚಾರ ಶರತ್ತಿನಲ್ಲೇ ಇಲ್ಲ. ಅದನ್ನ ಸರಿ ಅನ್ನೋ ಅಧಿಕಾರ ನನಗಿಲ್ಲ. ಮಂಡ್ಯಕ್ಕೆ ಬಂದು ನೀವೇ ಹೇಳಿ," ಎಂದರು.

ಮತ್ತೆ ಅದೇ ಕೊಠಡಿ, ಅದೇ ಹಿರಿಯ ಅಧಿಕಾರಿ. ಈ ಸಲ ಅಧ್ಯಕ್ಷೆಯನ್ನೂ ಕರೆದುಕೊಂಡು ಹೋಗಿದ್ದೆ. ನಾನು ಗರಸು, ಇಳಿಜಾರು, ಕಲ್ಲುಸಾಲು ಎಂದೆಲ್ಲ ವಿವರಿಸಿದೆ. ಹಿರಿಯ ಅಧಿಕಾರಿ ಎಲ್ಲವನ್ನೂ ಕೇಳಿ, ಅಧ್ಯಕ್ಷೆಯ ಕಡೆ ತಿರುಗಿ, "ಮುಂದಿನ ವರ್ಷ ಇವರು ಮಾಡದೆ ಇದ್ದರೆ?" ಎಂದರು.

"ಮಾಡ್ದೆ ಇದ್ರೆ ಕಲ್ಲು ಬೆರೆತ ಮುದ್ದೆ ತಿಂತಾರೆ ಸಾಮಿ. ಒಂದಿನ ತಿನ್ನಲಿ, ಮಾರ್ನೇ ದಿನ ಬಂದ್ ಕಟ್ತಾರೆ," ಎಂದರು ಅಧ್ಯಕ್ಷೆ.

ಆ ಕೊಠಡಿಯಲ್ಲಿ ಮುದ್ದೆ ತಿನ್ನದವರು ಯಾರೂ ಇರಲಿಲ್ಲ. ಎರಡನೇ ಹಂತದ ಆದೇಶ ಯುಗಾದಿಗೆ ಮುಂಚೆಯೇ ಕೈಗೆ ಬಂತು. ಓದಿ, ಕಚೇರಿಯ ಮೆಟ್ಟಿಲ ಮೇಲೆ ಕೂತು, ಇನ್ನೊಮ್ಮೆ ಓದಿದೆ.

ಬೋರೆಯ ಮೇಲಿನ ಹಾದಿಯನ್ನು ನೇರ ಹತ್ತಿಸಲಿಲ್ಲ. ಹಾವಿನಂತೆ ಸುತ್ತಿಸಿ, ಇಳಿಜಾರು ಎಲ್ಲೂ ಕಡಿದಾಗದಂತೆ ಬಂಡೆಗಳ ನಡುವೆ ದಾರಿ ಹುಡುಕಿದೆವು. ಕೋಲು ಹಿಡಿದವನೂ ಹತ್ತಬೇಕು ಎಂಬುದು ನನ್ನ ಹಟ. ಯಾರ ಕೋಲು ಎಂದು ಮೇಸ್ತ್ರಿಗೆ ಗೊತ್ತಿತ್ತು, ಅವನು ತಿರುವುಗಳನ್ನು ಕೇಳಿದ್ದಕ್ಕಿಂತ ಅಗಲ ಮಾಡಿದ. ನೆತ್ತಿಯಲ್ಲಿ ಕೊನೆಯ ತಂಗುದಾಣಕ್ಕೆ ನೆಲ ಕೆತ್ತಿಸಿದ್ದೆ, ಅಗಲ ಎಷ್ಟಿರಬೇಕೆಂದು ಇನ್ನೂ ಗುರುತು ಹಾಕಿರಲಿಲ್ಲ.

ಹಾದಿ ನೆತ್ತಿ ಮುಟ್ಟಿದ ದಿನ ಕವೆಗೋಲಿನ ಹೆಂಗಸನ್ನು ಕರೆದೆ. ಅವಳ ಗಂಡನೂ ಹೊರಟ. ತಿರುವಿಗೊಮ್ಮೆ ನಿಂತು, ಬೈದುಕೊಂಡು, ಕೋಲೂರಿಕೊಂಡು, ಅಂತೂ ಹತ್ತಿದ. ಮೇಲೆ ಹಿನ್ನೀರು ಬಿಸಿಲಿಗೆ ಥಳಥಳಿಸುತ್ತಿತ್ತು. ಅವನು ಬಂಡೆಯ ಮೇಲೆ ಕಾಲು ಚಾಚಿ ಕೂತು, "ಇಷ್ಟು ನೀರಿತ್ತೇನೆ ನಮ್ ಊರ್ ಹಿಂದೆ?" ಎಂದು ಹೆಂಡತಿಯನ್ನು ಕೇಳಿದ.

ಅವಳು ನೀರು ನೋಡುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ತೂರದ ರಾಗಿ ಇತ್ತು; ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಕೈ ಮೇಲೆತ್ತಿ ಸಣ್ಣಗೆ ಬಿಟ್ಟಳು. ಹೊಟ್ಟು ಗಾಳಿಗೆ ತೇಲಿ ಹಿನ್ನೀರಿನ ಕಡೆ ಹೋಯಿತು, ಕಾಳು ಅವಳ ಕಾಲ ಬಳಿ ಬಿತ್ತು.

"ಗಾಳಿ ಎಂಗದೆ ನೋಡವ್ವ. ರಾಗಿ ತೂರಕ್ಕೆ ಇದ್ಕಿಂತ ಜಾಗ ಎಲ್ ಸಿಕ್ಕಾತು?" ಎಂದಳು.

"ಬೋರೆ ಮೇಲ್ಕೆ ರಾಗಿ ಹೊತ್ಕಂಡು ಬರೋರು ಯಾರಮ್ಮ?" ಎಂದೆ.

"ನಾನ್ ಬತ್ತೀನಿ. ಇವ್ನೂ ಬತ್ತಾನೆ. ದಾರಿ ಆಯ್ತಲ್ಲ."

ನಾನು ಚೀಲದಿಂದ ಟೇಪು ತೆಗೆದು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಎಷ್ಟು ಅಗಲ ಬೇಕು, ಹೇಳಿ," ಎಂದೆ.